ಗುತ್ತಿಗೆದಾರ ದಿವಾಳಿಯಾಗಿ ಮನೆ ಕೆಲಸ ಅರ್ಧಕ್ಕೆ ನಿಂತರೆ: ಗಡಿನಾಡ ಸದಸ್ಯರಿಗೆ ಮಾಹಿತಿ



ಮನೆ ಕಟ್ಟಿಸುವಾಗ ಗುತ್ತಿಗೆದಾರ ಕೈಯೆತ್ತಿದರೆ ಏನು ಮಾಡಬೇಕೆಂದು ಕೇಳುವ ಸದಸ್ಯರು ಎಲ್ಲ ಊರುಗಳಲ್ಲೂ ಇದ್ದಾರೆ. ಕಾಸರಗೋಡಿನಲ್ಲಿ ಮನೆ, ಗುತ್ತಿಗೆದಾರ ಮಂಗಳೂರಿನವ. ಹೊಸೂರಿನಲ್ಲಿ ವಾಸ, ಫ್ಲ್ಯಾಟು ಬೆಂಗಳೂರಿನಲ್ಲಿ. ಆದೋನಿಯಲ್ಲಿ ಮನೆ, ಮೇಸ್ತ್ರಿ ಬಳ್ಳಾರಿಯವ. ಗಡಿಯಾಚೆ ಈಚೆ ವ್ಯವಹಾರ ಇರುವ ನಮಗೆ ಯಾವ ಊರಿನ ಕಚೇರಿ, ಯಾವ ಭಾಷೆಯ ಅರ್ಜಿ ಎಂಬ ಗೊಂದಲವೂ ಜೊತೆಗೆ ಬರುತ್ತದೆ. ಅದಕ್ಕಾಗಿ ಈ ಮಾಹಿತಿಯನ್ನು ಒಂದೆಡೆ ಕೊಡುತ್ತಿದ್ದೇವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಮುಳುಗಿದ ಗುತ್ತಿಗೆದಾರನಿಂದ ಕೊಟ್ಟ ಹಣ ಪೂರ್ತಿ ವಾಪಸು ಬರುವುದು ಅಪರೂಪ. ಆದರೆ ಮೂರು ಸಂಗತಿಗಳು ನಿಮ್ಮ ಕೈಯಲ್ಲೇ ಇವೆ: ಕೆಲಸ ನಿಂತ ದಿನದ ಸಾಕ್ಷ್ಯ, ಇನ್ನೂ ಕೊಡದೆ ಉಳಿದ ಹಣ, ಮತ್ತು ಕಟ್ಟಿದಷ್ಟು ಕಟ್ಟಡ. ಈ ಮೂರನ್ನು ಕಾಪಾಡಿಕೊಂಡವರಿಗೆ ಮನೆ ಮುಗಿಸುವ ದಾರಿ ಉಳಿಯುತ್ತದೆ. ಸಿಟ್ಟಿನಲ್ಲಿ ಮರುದಿನವೇ ಬೇರೆ ಮೇಸ್ತ್ರಿಯನ್ನು ಕರೆತಂದು ಕೆಲಸ ಹಚ್ಚಿದರೆ ಮೊದಲನೆಯ ಸಂಗತಿ ಅಲ್ಲಿಗೇ ಅಳಿಸಿಹೋಗುತ್ತದೆ.

ಮೊದಲ ವಾರದಲ್ಲಿ ಮಾಡಬೇಕಾದ್ದು

ಇರುವ ಸ್ಥಿತಿಯನ್ನು ದಾಖಲಿಸಿ. ಪಾಯದಿಂದ ತಾರಸಿಯವರೆಗೆ, ಪ್ರತಿ ಕೋಣೆ, ಪ್ರತಿ ಗೋಡೆಯ ಫೋಟೋ ಮತ್ತು ವಿಡಿಯೋ ತೆಗೆಯಿರಿ. ಆ ದಿನದ ಪತ್ರಿಕೆಯೊಂದು ಚಿತ್ರದಲ್ಲಿ ಕಾಣುವಂತಿದ್ದರೆ ಒಳ್ಳೆಯದು. ಸೈಟಿನಲ್ಲಿರುವ ಸಿಮೆಂಟ್ ಚೀಲ, ಕಂಬಿ, ಕಲ್ಲು, ಮರಳು, ಪೈಪುಗಳನ್ನು ಎಣಿಸಿ ಪಟ್ಟಿ ಮಾಡಿ, ನೆರೆಯ ಇಬ್ಬರಿಂದ ಸಹಿ ಹಾಕಿಸಿ.

ನಂತರ ನೋಂದಾಯಿತ ಎಂಜಿನಿಯರ್ ಒಬ್ಬರಿಂದ ಅಳತೆ ಮಾಡಿಸಿ, ಆಗಿರುವ ಕೆಲಸದ ಬೆಲೆ ಎಷ್ಟು, ಉಳಿದ ಕೆಲಸಕ್ಕೆ ಇಂದಿನ ದರದಲ್ಲಿ ಎಷ್ಟು ಬೇಕು, ಆದ ಕೆಲಸದಲ್ಲಿ ದೋಷವೇನಿದೆ ಎಂಬ ಮೂರು ಅಂಶಗಳ ವರದಿಯನ್ನು ಲಿಖಿತವಾಗಿ ಪಡೆಯಿರಿ. ಮುಂದೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಈ ವರದಿಯನ್ನೇ.

ಹಣ ಕೊಟ್ಟ ದಾಖಲೆಗಳನ್ನು ದಿನಾಂಕವಾರು ಜೋಡಿಸಿ: ಬ್ಯಾಂಕ್ ಪಾಸ್‌ಬುಕ್, ಯುಪಿಐ ಪಾವತಿ, ಕೈಚೀಟಿ, ರಸೀದಿ. ಬರಹದ ಒಪ್ಪಂದ ಇಲ್ಲದಿದ್ದರೂ ಎದೆಗುಂದಬೇಡಿ. ಬಾಯಿಮಾತಿನ ಒಪ್ಪಂದವೂ ಕಾನೂನಿನ ದೃಷ್ಟಿಯಲ್ಲಿ ಒಪ್ಪಂದವೇ. ರುಜುವಾತು ಮಾತ್ರ ಕಷ್ಟ. ಅಲ್ಲಿ ವಾಟ್ಸಾಪ್ ಮಾತುಕತೆ ನೆರವಿಗೆ ಬರುತ್ತದೆ. ಆ ಸಂದೇಶಗಳಿರುವ ಫೋನನ್ನು ಮಾರಬೇಡಿ, ಚಾಟ್ ಅಳಿಸಬೇಡಿ. ಎಲೆಕ್ಟ್ರಾನಿಕ್ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಬೇಕು.

ಅರ್ಧ ಕಟ್ಟಡವನ್ನು ಕಾಪಾಡುವುದು

ಕಾನೂನಿಗೆ ತಿಂಗಳುಗಳು ಬೇಕು, ಮಳೆ ಅಷ್ಟು ಕಾಯುವುದಿಲ್ಲ. ಕಾಸರಗೋಡಿನಂಥ ಭಾರಿ ಮಳೆಯ ಜಿಲ್ಲೆಯಲ್ಲಿ ಗಾರೆಯಾಗದ ಕೆಂಪುಕಲ್ಲಿನ ಗೋಡೆಯ ನೆತ್ತಿಯನ್ನು ಮುಂಗಾರಿಗೆ ಮೊದಲು ಮುಚ್ಚಲೇಬೇಕು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಎರೆಭೂಮಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅಗೆದು ಬಿಟ್ಟ ಪಾಯದ ಗುಂಡಿಯಲ್ಲಿ ನೀರು ನಿಲ್ಲಲು ಬಿಡಬಾರದು. ನೀಲಗಿರಿಯ ಇಳಿಜಾರಿನಲ್ಲಿ ಮಣ್ಣು ಕಡಿದ ಜಾಗಕ್ಕೆ ತಡೆಗೋಡೆ ಆಗಿಲ್ಲದಿದ್ದರೆ ನೀರು ಹರಿದುಹೋಗುವ ದಾರಿಯನ್ನಾದರೂ ಮಾಡಬೇಕು.

ಕಂಬದ ಮೇಲೆ ಚಾಚಿಕೊಂಡ ಕಂಬಿಗೆ ಸಿಮೆಂಟ್ ಹಾಲು ಬಳಿದು ಪ್ಲಾಸ್ಟಿಕ್ ಸುತ್ತಿ. ಮೂರು ತಿಂಗಳು ದಾಟಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಬಳಸಬೇಡಿ.

ಸೆಂಟ್ರಿಂಗ್ ಹಲಗೆ, ಜಾಕಿಗಳು ಬಹುತೇಕ ಬಾಡಿಗೆಯವು. ಬಾಡಿಗೆ ಬಾಕಿ ಬಿದ್ದಾಗ ಅವುಗಳ ಮಾಲೀಕ ಬಂದು ಕಿತ್ತುಕೊಂಡು ಹೋಗಲು ನೋಡಬಹುದು. ತಾರಸಿ ಹಾಕಿ ದಿನವಾಗಿಲ್ಲದಿದ್ದರೆ ಇದು ಜೀವಕ್ಕೇ ಅಪಾಯ. ಐಎಸ್ 456 ಮಾನಕದ ಪ್ರಕಾರ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಾಗ, 4.5 ಮೀಟರ್‌ವರೆಗಿನ ಹರವಿನ ಸ್ಲ್ಯಾಬಿನ ಜಾಕಿ ಕನಿಷ್ಠ 7 ದಿನ, ಅದಕ್ಕೂ ಹೆಚ್ಚಿನ ಹರವಿಗೆ 14 ದಿನ ಇರಬೇಕು. 6 ಮೀಟರ್‌ವರೆಗಿನ ತೊಲೆಗೆ 14 ದಿನ, ಅದಕ್ಕಿಂತ ಉದ್ದದ್ದಕ್ಕೆ 21 ದಿನ. ಬೇರೆ ಬಗೆಯ ಸಿಮೆಂಟಾದರೆ ಇನ್ನೂ ಹೆಚ್ಚು ದಿನ ಬೇಕಾಗಬಹುದು, ಎಂಜಿನಿಯರನ್ನು ಕೇಳಿ. ಆ ಕೆಲವು ದಿನಗಳ ಬಾಡಿಗೆಯನ್ನು ನೀವೇ ಕೊಟ್ಟು ರಸೀದಿ ಪಡೆಯಿರಿ; ಅದನ್ನೂ ನಷ್ಟದ ಲೆಕ್ಕಕ್ಕೆ ಸೇರಿಸಬಹುದು. ರಕ್ಷಣೆಗಾಗಿ ಮಾಡಿದ ಪ್ರತಿ ಖರ್ಚಿಗೂ ಮೊದಲಿನ ಮತ್ತು ನಂತರದ ಫೋಟೋ ಇರಲಿ.

ಸಾಲಗಾರರು ನಿಮ್ಮ ಬಾಗಿಲಿಗೆ ಬಂದರೆ

ಸಿಮೆಂಟ್ ಅಂಗಡಿಯವರು ಗುತ್ತಿಗೆದಾರನ ಹೆಸರಿಗೆ ಉದ್ರಿ ಕೊಟ್ಟಿದ್ದರೆ ಆ ಸಾಲ ಅವನದು. ನೀವು ಬಿಲ್ಲಿಗೆ ಸಹಿ ಹಾಕಿಲ್ಲ, ಜಾಮೀನು ನಿಂತಿಲ್ಲ ಎಂದಾದರೆ ಕೊಡಬೇಕಾದ್ದಿಲ್ಲ. ಸೈಟಿಗೆ ಬಂದಿಳಿದ ಸಾಮಾನನ್ನು ಪಟ್ಟಿ, ಸಹಿ ಇಲ್ಲದೆ ಯಾರೂ ಹೊತ್ತೊಯ್ಯದಂತೆ ನೋಡಿಕೊಳ್ಳಿ. ಕೂಲಿ ಸಿಗದ ಕೆಲಸಗಾರರ ಮಾತು ಬೇರೆ. ಅವರೂ ನಿಮ್ಮಂತೆಯೇ ನಷ್ಟಕ್ಕೆ ಸಿಕ್ಕವರು. ಉಳಿದ ಕೆಲಸಕ್ಕೆ ಅವರನ್ನೇ ನೇರವಾಗಿ ಹಚ್ಚಿಕೊಂಡ ಮನೆಗಳು ಎಷ್ಟೋ ಇವೆ. ಹಾಗೆ ಮಾಡುವಾಗ ಹಳೆಯ ಬಾಕಿ ಮತ್ತು ಹೊಸ ಕೂಲಿಯ ಲೆಕ್ಕ ಬೆರೆಯದಿರಲಿ.

ನಷ್ಟದ ಲೆಕ್ಕ ಹಾಕುವುದು ಹೇಗೆ

ಕೊಟ್ಟ ಹಣದಲ್ಲಿ ಆದ ಕೆಲಸದ ಬೆಲೆ ಕಳೆದರೆ ಬರುವುದೇ ನಷ್ಟ ಎಂದು ಬಹಳಷ್ಟು ಜನ ತಿಳಿಯುತ್ತಾರೆ. ಅದು ಅರ್ಧ ಲೆಕ್ಕ. ಒಂದು ಉದಾಹರಣೆ ನೋಡಿ. ಒಪ್ಪಂದ 24 ಲಕ್ಷ ರೂಪಾಯಿಗೆ. ಕೊಟ್ಟದ್ದು 15 ಲಕ್ಷ. ಆದ ಕೆಲಸದ ಬೆಲೆ 10.5 ಲಕ್ಷ. ಉಳಿದ ಕೆಲಸಕ್ಕೆ ಒಪ್ಪಂದದ ದರದಲ್ಲಿ 13.5 ಲಕ್ಷ ಸಾಕಿತ್ತು, ಇಂದು ಹೊಸ ಗುತ್ತಿಗೆದಾರ 16 ಲಕ್ಷ ಕೇಳುತ್ತಾನೆ. ಹೆಚ್ಚು ಕೊಟ್ಟದ್ದು 4.5 ಲಕ್ಷ, ದರ ಏರಿದ್ದು 2.5 ಲಕ್ಷ, ಒಟ್ಟು ನಷ್ಟ 7 ಲಕ್ಷ. ಬೇರೆ ರೀತಿ ನೋಡಿದರೂ ಅಷ್ಟೇ: 15 ಮತ್ತು 16 ಸೇರಿ 31 ಲಕ್ಷ, ಅದರಲ್ಲಿ 24 ಕಳೆದರೆ 7. 1872ರ ಭಾರತೀಯ ಕರಾರು ಕಾಯಿದೆಯ 73ನೇ ಕಲಮು ಒಪ್ಪಂದ ಮುರಿದುದರಿಂದ ಸಹಜವಾಗಿ ಉಂಟಾಗುವ ನಷ್ಟಕ್ಕೆ ಪರಿಹಾರ ಕೊಡಿಸುತ್ತದೆ. ರಕ್ಷಣೆಯ ಖರ್ಚು, ವಿಳಂಬದಿಂದ ಕೊಟ್ಟ ಮನೆಬಾಡಿಗೆಗಳನ್ನು ರಸೀದಿ ಸಹಿತ ಬೇರೆಯಾಗಿ ತೋರಿಸಿ.

30 ದಿನದ ನೋಟೀಸು

ಇದು ಬಹಳ ಜನ ತಪ್ಪುವ ಹೆಜ್ಜೆ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯನ್ನು 2018ರಲ್ಲಿ ತಿದ್ದಿದ ಮೇಲೆ, ಒಪ್ಪಂದ ಮುರಿದವನ ಬದಲು ಬೇರೆಯವರಿಂದ ಕೆಲಸ ಮಾಡಿಸಿ ಆ ಖರ್ಚನ್ನು ಅವನಿಂದ ವಸೂಲಿ ಮಾಡುವ ಹಕ್ಕು 20ನೇ ಕಲಮಿನಲ್ಲಿ ಸ್ಪಷ್ಟವಾಗಿ ಸಿಕ್ಕಿದೆ. ಆದರೆ ಅದಕ್ಕೆ ಮೊದಲು ಕನಿಷ್ಠ 30 ದಿನಗಳ ಅವಕಾಶ ಕೊಟ್ಟು ಲಿಖಿತ ನೋಟೀಸು ಕಳಿಸಿರಬೇಕು.

ನೋಟೀಸಿನಲ್ಲಿ ಒಪ್ಪಂದದ ದಿನಾಂಕ, ಕೊಟ್ಟ ಹಣ, ಕೆಲಸ ನಿಂತ ದಿನ, ಆದ ಕೆಲಸದ ಅಳತೆ, ಇಂತಿಷ್ಟು ದಿನದೊಳಗೆ ಕೆಲಸ ಮುಂದುವರಿಸದಿದ್ದರೆ ಬೇರೆಯವರಿಂದ ಮುಗಿಸಿ ಖರ್ಚು ವಸೂಲಿ ಮಾಡುತ್ತೇವೆ ಎಂಬ ಮಾತು ಇರಲಿ. ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಅವನ ಮನೆ ಮತ್ತು ಕಚೇರಿ ಎರಡೂ ವಿಳಾಸಕ್ಕೆ ಕಳಿಸಿ, ವಾಟ್ಸಾಪಿನಲ್ಲೂ ಹಾಕಿ. ಲಕೋಟೆ ವಾಪಸು ಬಂದರೆ ಒಡೆಯದೆ ಹಾಗೆಯೇ ಇಟ್ಟುಕೊಳ್ಳಿ.

ಗುತ್ತಿಗೆದಾರ ಯಾರು ಎಂಬುದರ ಮೇಲೆ ದಾರಿ

"ದಿವಾಳಿಯಾದ" ಎಂಬ ಮಾತು ಊರಿನಲ್ಲಿ ಹಬ್ಬಿದೊಡನೆ ಅವನು ಕಾನೂನಿನ ಪ್ರಕಾರ ದಿವಾಳಿ ಆಗುವುದಿಲ್ಲ. ನ್ಯಾಯಾಲಯ ಅಥವಾ ನ್ಯಾಯಮಂಡಳಿಯ ಆದೇಶ ಬರುವವರೆಗೆ ಅವನು ಸಾಮಾನ್ಯ ಸಾಲಗಾರ. ಅವನ ಮೇಲೆ ಎಲ್ಲ ದಾವೆಗಳೂ ನಡೆಯುತ್ತವೆ.

ಒಬ್ಬನೇ ವ್ಯಕ್ತಿ ಅಥವಾ ಮೇಸ್ತ್ರಿ ಆಗಿದ್ದರೆ: 2016ರ ದಿವಾಳಿ ಸಂಹಿತೆ ಇಂಥ ವ್ಯಕ್ತಿಗಳಿಗೆ ಇನ್ನೂ ಪೂರ್ತಿ ಜಾರಿಯಾಗಿಲ್ಲ, ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಅನ್ವಯಿಸುತ್ತದೆ. ಸಣ್ಣ ಊರುಗಳಲ್ಲಿ ಹೆಚ್ಚಿನ ಕಡೆ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಇಂದಿಗೂ ನಡೆಯುತ್ತಿದೆ. ಕೇರಳದಲ್ಲಿ ರಾಜ್ಯದ್ದೇ ಆದ ದಿವಾಳಿ ಕಾಯಿದೆ ಇದೆ; ಕ್ರಮ ಬಹುಮಟ್ಟಿಗೆ ಒಂದೇ. ಆಂಧ್ರದಲ್ಲಿ ಜನ ಇದನ್ನು "ಐಪಿ ಹಾಕಿದ" ಎನ್ನುತ್ತಾರೆ, ತಮಿಳಿನಲ್ಲಿ "ಮಂಜಳ್ ನೋಟೀಸ್", ಮಲಯಾಳದಲ್ಲಿ "ಪಾಪ್ಪರ್ ಹರ್ಜಿ", ಮರಾಠಿಯಲ್ಲಿ "ದಿವಾಳಖೋರಿ". ಈ ಮಾತುಗಳಿರುವ ನೋಟೀಸು ನ್ಯಾಯಾಲಯದಿಂದ ಬಂದರೆ ತಳ್ಳಿಹಾಕಬೇಡಿ. ಹೇಳಿದ ದಿನ ಹಾಜರಾಗಿ, ನಿಮಗೆ ಬರಬೇಕಾದ ಹಣವನ್ನು ಪ್ರಮಾಣಪತ್ರದೊಂದಿಗೆ ಸಾಲಗಳ ಪಟ್ಟಿಗೆ ಸೇರಿಸಿ. ದಿವಾಳಿ ಆದೇಶವಾದ ಮೇಲೆ ಅವನ ಆಸ್ತಿ ನ್ಯಾಯಾಲಯ ಅಥವಾ ರಿಸೀವರ್ ವಶಕ್ಕೆ ಹೋಗುತ್ತದೆ. ನ್ಯಾಯಾಲಯದ ಅನುಮತಿ ಇಲ್ಲದೆ ಹೊಸ ದಾವೆ ಹೂಡಲಾಗುವುದಿಲ್ಲ. ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಹಣ ಪಡೆಯದೆ ಮನೆಯವರ ಹೆಸರಿಗೆ ಆಸ್ತಿ ಬರೆದುಕೊಟ್ಟಿದ್ದರೆ 1920ರ ಕಾಯಿದೆಯಡಿ ಅದನ್ನು ರದ್ದುಪಡಿಸುವಂತೆ ಕೋರಲು ಅವಕಾಶವಿದೆ. ಅಂಥ ಮಾಹಿತಿ ನಿಮಗೆ ತಿಳಿದಿದ್ದರೆ ರಿಸೀವರ್ ಗಮನಕ್ಕೆ ತನ್ನಿ.

ಪಾಲುದಾರಿಕೆ ಸಂಸ್ಥೆ ಆಗಿದ್ದರೆ: ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರನೂ ಸ್ವಂತವಾಗಿ ಹೊಣೆ. ಒಬ್ಬ ಊರು ಬಿಟ್ಟರೂ ಉಳಿದವರನ್ನು ಕೇಳಬಹುದು. ನೋಟೀಸು ಎಲ್ಲರಿಗೂ ಹೋಗಲಿ.

ಕಂಪನಿ ಆಗಿದ್ದರೆ: ದಿವಾಳಿ ಪ್ರಕ್ರಿಯೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ನಡೆಯುತ್ತದೆ. ನಿಮ್ಮ ಮನೆ ಎಲ್ಲಿದೆ ಎಂಬುದಲ್ಲ, ಕಂಪನಿಯ ನೋಂದಾಯಿತ ಕಚೇರಿ ಎಲ್ಲಿದೆ ಎಂಬುದು ಮುಖ್ಯ: ಕರ್ನಾಟಕದ್ದಾದರೆ ಬೆಂಗಳೂರು ಪೀಠ, ಕೇರಳಕ್ಕೆ ಕೊಚ್ಚಿ, ತಮಿಳುನಾಡಿಗೆ ಚೆನ್ನೈ, ಮಹಾರಾಷ್ಟ್ರ ಮತ್ತು ಗೋವಾಕ್ಕೆ ಮುಂಬೈ, ತೆಲಂಗಾಣಕ್ಕೆ ಹೈದರಾಬಾದ್, ಆಂಧ್ರಕ್ಕೆ ಅಮರಾವತಿ ಪೀಠ. ಅರ್ಜಿ ಅಂಗೀಕಾರವಾದೊಡನೆ 14ನೇ ಕಲಮಿನ ಪ್ರಕಾರ ಕಂಪನಿಯ ಮೇಲಿನ ದಾವೆಗಳೆಲ್ಲ ನಿಲ್ಲುತ್ತವೆ. ಆಗ ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ದಿನಾಂಕದೊಳಗೆ ನಿಮ್ಮ ಹಕ್ಕು ಕೋರಿಕೆಯನ್ನು ಸಲ್ಲಿಸಬೇಕು. ಮುಂಗಡ ಕೊಟ್ಟ ಗ್ರಾಹಕನೂ ವ್ಯವಹಾರ ಸಾಲದಾತನಾಗಬಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಕಂಪನಿ ಮುಚ್ಚುವ ಹಂತಕ್ಕೆ ಹೋದರೆ ಹಣ ಹಂಚುವ ಸಾಲಿನಲ್ಲಿ ಇಂಥವರ ಸರದಿ ಬ್ಯಾಂಕು, ಕಾರ್ಮಿಕರ ನಂತರ ಬರುತ್ತದೆ. ಹಾಗಾಗಿ ದೊಡ್ಡ ನಿರೀಕ್ಷೆ ಬೇಡ, ಗಡುವು ಮಾತ್ರ ತಪ್ಪಿಸಬೇಡಿ.

ಫ್ಲ್ಯಾಟು ಮಾರುವ ಬಿಲ್ಡರ್ ಆಗಿದ್ದರೆ: ಇಲ್ಲಿ 2016ರ ರೇರಾ ಕಾಯಿದೆಯ ಬಲವಿದೆ. ನಿಮ್ಮದೇ ನಿವೇಶನದಲ್ಲಿ ಮನೆ ಕಟ್ಟುವ ಗುತ್ತಿಗೆದಾರನಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ. ಬಿಲ್ಡರ್ ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ 18ನೇ ಕಲಮಿನಡಿ ಬಡ್ಡಿ ಸಹಿತ ಹಣ ವಾಪಸು ಕೇಳಬಹುದು. ಯೋಜನೆಯಲ್ಲೇ ಉಳಿಯುವುದಾದರೆ ವಿಳಂಬದ ತಿಂಗಳುಗಳಿಗೆ ಬಡ್ಡಿ ಕೇಳಬಹುದು. ಯೋಜನೆಯ ನೋಂದಣಿಯೇ ರದ್ದಾದರೆ ಉಳಿದ ಕೆಲಸ ಮುಗಿಸುವ ಮೊದಲ ಹಕ್ಕು 8ನೇ ಕಲಮಿನ ಪ್ರಕಾರ ಖರೀದಿದಾರರ ಸಂಘಕ್ಕೆ. ದೂರು ಹೋಗುವುದು ಕಟ್ಟಡ ಇರುವ ರಾಜ್ಯದ ಪ್ರಾಧಿಕಾರಕ್ಕೆ. ಹೊಸೂರಿನ ಸದಸ್ಯರ ಬೆಂಗಳೂರು ಫ್ಲ್ಯಾಟಿನ ದೂರು ಕರ್ನಾಟಕ ರೇರಾಕ್ಕೆ. 2018ರಿಂದ ಫ್ಲ್ಯಾಟು ಖರೀದಿದಾರರು ದಿವಾಳಿ ಸಂಹಿತೆಯಡಿ ಹಣಕಾಸು ಸಾಲದಾತರೇ. ಆದರೆ ತಾವಾಗಿ ದಿವಾಳಿ ಅರ್ಜಿ ಹಾಕಲು ಒಂದೇ ಯೋಜನೆಯ 100 ಜನ ಅಥವಾ ಶೇ. 10ರಷ್ಟು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಬೇಕು.

ಗ್ರಾಹಕ ಆಯೋಗ: ಗಡಿಯವರಿಗೆ ಹತ್ತಿರದ ಬಾಗಿಲು

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಮನೆ ನಿರ್ಮಾಣವೂ ಸೇವೆಯೇ. ಸ್ವಂತ ವಾಸದ ಮನೆಗೆ ಗುತ್ತಿಗೆ ಕೊಟ್ಟವರು ಗ್ರಾಹಕರು. ನಮಗೆ ಇದರಲ್ಲಿ ದೊಡ್ಡ ಅನುಕೂಲವೊಂದಿದೆ: ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗುತ್ತಿಗೆದಾರ ಮಂಗಳೂರಿನವನಾದರೂ ಕಾಸರಗೋಡಿನ ಮನೆಯವರು ಕಾಸರಗೋಡು ಜಿಲ್ಲಾ ಆಯೋಗಕ್ಕೇ ಹೋಗಬಹುದು.

ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ. ಶುಲ್ಕ ಕೊಟ್ಟ ಹಣದ ಮೇಲೆ: 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂ., 20 ಲಕ್ಷದವರೆಗೆ 400 ರೂ., 50 ಲಕ್ಷದವರೆಗೆ 1,000 ರೂ. ಮೇಲಿನ ಉದಾಹರಣೆಯ 15 ಲಕ್ಷಕ್ಕೆ 400 ರೂಪಾಯಿ ಸಾಕು. ವಕೀಲರು ಕಡ್ಡಾಯವಲ್ಲ. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೂ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಆದೇಶ ಪಾಲಿಸದವರಿಗೆ 72ನೇ ಕಲಮಿನಲ್ಲಿ ಸೆರೆವಾಸದ ಶಿಕ್ಷೆಯೂ ಇದೆ.

ದೂರು ಕೊಡುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಸಿವಿಲ್ ದಾವೆ, ಚೆಕ್ಕು, ಪೊಲೀಸ್

ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ. "ದಸರಾ ಕಳೆದ ಮೇಲೆ ಬರುತ್ತೇನೆ" ಎಂಬ ಬಾಯಿಮಾತಿಗೆ ಕಾಲಮಿತಿ ನಿಲ್ಲುವುದಿಲ್ಲ. ಬಾಕಿ ಒಪ್ಪಿಕೊಂಡು ಅವಧಿಯೊಳಗೆ ಸಹಿ ಹಾಕಿಕೊಟ್ಟರೆ ಮಾತ್ರ ಆ ದಿನದಿಂದ ಹೊಸ ಎಣಿಕೆ. ಆಸ್ತಿ ಮಾರಿ ಜಾರಿಕೊಳ್ಳುವ ಸೂಚನೆ ಕಂಡರೆ ತೀರ್ಪಿಗೆ ಮೊದಲೇ ಜಪ್ತಿ ಕೋರಲು ಅವಕಾಶವಿದೆ. ಈ ಒಂದು ಕಾರಣಕ್ಕೆ ಕೆಲವು ಪ್ರಕರಣಗಳಲ್ಲಿ ಸಿವಿಲ್ ನ್ಯಾಯಾಲಯವೇ ಮೇಲು.

ಹಣ ವಾಪಸು ಎಂದು ಕೊಟ್ಟ ಚೆಕ್ಕು ತಿರುಗಿ ಬಂದರೆ, ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟೀಸು ಕೊಡಬೇಕು. ಅದು ತಲುಪಿ 15 ದಿನದಲ್ಲಿ ಹಣ ಬಾರದಿದ್ದರೆ ನಂತರದ ಒಂದು ತಿಂಗಳಲ್ಲಿ 138ನೇ ಕಲಮಿನ ದೂರು. ಚೆಕ್ಕನ್ನು 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು.

ಪೊಲೀಸ್ ದೂರಿನ ವಿಷಯದಲ್ಲಿ ವಿವೇಚನೆ ಇರಲಿ. ವ್ಯಾಪಾರದಲ್ಲಿ ಸೋತದ್ದು ಅಪರಾಧವಲ್ಲ. ಮೊದಲಿನಿಂದಲೇ ಮೋಸದ ಉದ್ದೇಶವಿತ್ತು, ನಕಲಿ ಬಿಲ್ಲು ಕೊಟ್ಟ, ಒಂದೇ ಸಾಮಾನಿಗೆ ನಾಲ್ಕು ಮನೆಗಳಿಂದ ಹಣ ಪಡೆದ ಎಂಬುದಕ್ಕೆ ಆಧಾರವಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆಯ ದೂರು ನಿಲ್ಲುತ್ತದೆ. ಇಲ್ಲವಾದರೆ ಅದು ಸಿವಿಲ್ ವ್ಯಾಜ್ಯ ಎಂದೇ ಮುಗಿಯುತ್ತದೆ.

ಬ್ಯಾಂಕ್ ಸಾಲ ಇದ್ದವರು

ಗುತ್ತಿಗೆದಾರ ಓಡಿಹೋದ ಕಾರಣಕ್ಕೆ ಕಂತು ನಿಲ್ಲುವುದಿಲ್ಲ. ಕೆಲಸ ನಿಂತ ವಾರದಲ್ಲೇ ಬ್ಯಾಂಕಿಗೆ ಬರೆದು ಮೂರು ಕೇಳಿ: ಮುಂದಿನ ಹಣ ಗುತ್ತಿಗೆದಾರನ ಖಾತೆಗೆ ಹೋಗದಂತೆ ತಡೆ, ಕಟ್ಟಡ ಮುಗಿಸುವ ಅವಧಿಯ ವಿಸ್ತರಣೆ, ಹೊಸ ಅಂದಾಜಿನ ಪರಿಶೀಲನೆ.

ಭಾಷೆಯ ತೊಡಕು

ಓದಲು ಬಾರದ ಲಿಪಿಯ ಒಪ್ಪಂದಕ್ಕೆ ಸಹಿ ಹಾಕಿದವರು ಮೊದಲು ಅದನ್ನು ಬಲ್ಲವರಿಂದ ಓದಿಸಿ ಕೇಳಿ. ಹಣದ ಕಂತು, ಸಾಮಾನು ಯಾರದು, ವಿಳಂಬದ ದಂಡ ಎಂಬ ಷರತ್ತುಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಸರ್ಕಾರಿ ಅಧಿಕಾರಿಗಳಿಗೆ ಕುಂದುಕೊರತೆ ಮನವಿಯನ್ನು ಕನ್ನಡದಲ್ಲೇ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಿಂದ ಇದೆ. ಕೇರಳದ ಕನ್ನಡ ಅಲ್ಪಸಂಖ್ಯಾತರಿಗೆ 1969ರ ಅಲ್ಲಿನ ಅಧಿಕೃತ ಭಾಷಾ ಕಾಯಿದೆಯ ಬೆಂಬಲವೂ ಇದೆ. ಆಯೋಗ ಮತ್ತು ನ್ಯಾಯಾಲಯಗಳಿಗೆ ಮಾತ್ರ ಕನ್ನಡ ದಾಖಲೆಗಳ ಜೊತೆ ಇಂಗ್ಲಿಷ್ ಅಥವಾ ಆ ರಾಜ್ಯಭಾಷೆಯ ಅನುವಾದ ಲಗತ್ತಿಸಿದರೆ ಅಲೆದಾಟ ತಪ್ಪುತ್ತದೆ.

ವಕೀಲರ ಖರ್ಚು ಭರಿಸಲಾಗದವರಿಗೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಮನೆ ಪತ್ನಿಯ ಅಥವಾ ತಾಯಿಯ ಹೆಸರಿನಲ್ಲಿದ್ದು ಅವರೇ ದೂರುದಾರರಾಗಿದ್ದರೆ ಈ ಅನುಕೂಲ ಬಳಸಿಕೊಳ್ಳಿ. ಸಹಾಯವಾಣಿ 15100.

ಉಳಿದ ಕೆಲಸವನ್ನು ಮತ್ತೆ ಕೊಡುವಾಗ

ನೋಟೀಸಿನ ಅವಧಿ ಮುಗಿದ ಮೇಲೆ ಹೊಸಬರಿಗೆ ಕೆಲಸ ಕೊಡಿ. ಹೊಸ ಒಪ್ಪಂದಕ್ಕೆ ಎಂಜಿನಿಯರ್ ವರದಿಯನ್ನು ಲಗತ್ತಿಸಿದರೆ ಹಳೆಯ ದೋಷ ಯಾರದು, ಹೊಸ ದೋಷ ಯಾರದು ಎಂಬ ಜಗಳ ಬರುವುದಿಲ್ಲ. ಮುಂಗಡ ಚಿಕ್ಕದಿರಲಿ, ಲಿಂಟೆಲ್, ತಾರಸಿ, ಗಾರೆ, ನೆಲ ಎಂದು ಹಂತ ಮುಗಿದು ಅಳತೆಯಾದ ಮೇಲೆಯೇ ಹಣ. ಸಿಮೆಂಟ್, ಕಂಬಿಯನ್ನು ನಿಮ್ಮ ಹೆಸರಿನ ಬಿಲ್ಲಿನಲ್ಲಿ ನೀವೇ ಕೊಳ್ಳಿ. ಶೇ. 5ರಿಂದ 10ರಷ್ಟು ಹಣವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳುವ ಷರತ್ತು ಬರೆಸಿ.

ಪ್ರತಿ ಪ್ರಕರಣದ ವಿವರ ಬೇರೆ ಬೇರೆ ಆಗಿರುವುದರಿಂದ ನೋಟೀಸು ಕಳಿಸುವ ಮೊದಲು ನಿಮ್ಮ ಊರಿನ ವಕೀಲರೊಬ್ಬರಿಗೆ ಕಾಗದಪತ್ರ ತೋರಿಸಿ. ಮಲಯಾಳ, ತಮಿಳು, ತೆಲುಗು, ಮರಾಠಿ ಓದಬಲ್ಲ ಸದಸ್ಯರು ಅದನ್ನು ಓದಲಾಗದ ನೆರೆಯವರ ಒಪ್ಪಂದ, ನೋಟೀಸುಗಳನ್ನು ಓದಿ ಹೇಳಲು ಮುಂದೆ ಬರಬೇಕೆಂದು ಕೋರುತ್ತೇವೆ. ಮನೆ ಕೆಲಸ ಈಗ ನಡೆಯುತ್ತಿರುವವರು ಇದೇ ವಾರ ಪಾವತಿಯ ಪಟ್ಟಿ ಮತ್ತು ಕೆಲಸದ ಫೋಟೋಗಳನ್ನು ಒಂದು ಕಡೆ ಇಟ್ಟುಕೊಳ್ಳಿ.